ಮೆಹ್ತಾಬಿನ ಬಾಲ್ಕನಿ

ಮೊನ್ನೆ ಜೋಗುಪಾಳ್ಯದಲ್ಲಿ ಸೊಪ್ಪು ತರಲು ಹೊರಟಿದ್ದೆ. ಮೂಲೆಯಲ್ಲಿ ಹಳೆಯ ಮನೆಯೊಂದನ್ನು ಕೆಡವುತ್ತಿದ್ದರು. ಮಳೆ ಆಗಷ್ಟೇ ನಿಂತಿತ್ತು. ನೆಂದ ಹಳೇ ಗಾರೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಗೊತ್ತಿಲ್ಲದಂತೆಯೇ ರಸ್ತೆ ದಾಟಿ ಆಚೆ ಬದಿಗೆ ಹೋಗಿ ನಿಂತುಬಿಟ್ಟೆ. ಸೊಪ್ಪಿನವಳು, "ಯಾಕಮ್ಮಾ, ಹುಷಾರಿಲ್ವಾ?" ಅಂದಳು. ಹುಷಾರಾಗಿಯೇ ಇದ್ದೆ. ಆ ವಾಸನೆ ಮಾತ್ರ ನನಗೆ ಆಗಿಬರುವುದಿಲ್ಲ. ಶಿವಾಜಿನಗರದಲ್ಲಿ ನಾನು ಕಳೆದ ಕೊನೆಯ ಮಳೆಗಾಲವೆಲ್ಲ ಅದೇ ವಾಸನೆ.

ನಮ್ಮ ಮನೆ ಇದ್ದದ್ದು ಮೆಹ್ತಾಬ್ ಟಾಕೀಸಿನ ಬೆನ್ನಿಗೆ. ಮೆಹ್ತಾಬ್ ಅಂದರೆ ಚಂದ್ರ. ಮುಂಬಾಗಿಲ ನೆತ್ತಿಯ ಮೇಲೆ ಗಾರೆಯಲ್ಲಿ ಒಂದು ಅರ್ಧಚಂದ್ರನನ್ನು ಮಾಡಿದ್ದರು. ಬೆಳಗಿನ ಆಟ ತಮಿಳು, ಮ್ಯಾಟಿನಿ ಹಿಂದಿ, ಸಂಜೆಗೆ ಕನ್ನಡ. ದಂಡಿನ ಏರಿಯಾದಲ್ಲಿ ಹಾಗೆ ಮಾಡದಿದ್ದರೆ ಟಾಕೀಸು ನಡೆಸುವುದಕ್ಕೆ ಆಗುತ್ತಿರಲಿಲ್ಲ. ನಮ್ಮಪ್ಪ ಸರ್ಕಾರಿ ಕಾರ್ಖಾನೆಯ ನೌಕರ. ಪಕ್ಕದ ಮನೆಯ ಜರೀನಾಳ ತಂದೆಗೆ ಮಾರ್ಕೆಟ್ಟಿನಲ್ಲಿ ಹಣ್ಣಿನ ವ್ಯಾಪಾರ. ಎರಡು ಮನೆಗೂ ನಡುವೆ ಒಂದೇ ಗೋಡೆ, ನಮ್ಮಿಬ್ಬರಿಗೂ ಒಂದೇ ವಯಸ್ಸು. ಭಾನುವಾರ ಮ್ಯಾಟಿನಿಗೆ ಅವಳ ಅಮ್ಮಿ, ನಮ್ಮಮ್ಮ, ನಾವಿಬ್ಬರೂ ಬಾಲ್ಕನಿಗೆ ಹೋಗುತ್ತಿದ್ದೆವು. ಕತ್ತಲಲ್ಲಿ ಟಾರ್ಚು ಹಿಡಿದು ನಮ್ಮನ್ನು ಸೀಟಿಗೆ ಮುಟ್ಟಿಸುತ್ತಿದ್ದವನು ಸೆಲ್ವಂ. ಆಗ ಅವನಿಗೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಆದರೂ ನಮಗೆ ಗದರುತ್ತಿದ್ದ, "ಮೆಟ್ಲು ನೋಡ್ಕೊಂಡು ಇಳೀರಿ, ಬಿದ್ರೆ ನಾನು ಜವಾಬ್ದಾರಿ ಇಲ್ಲ" ಎಂದು.

ಟಾಕೀಸು ಒಂದು ದಿನ ಮುಚ್ಚಿತು. ಕೆಲವು ಕಾಲ ಸೋಪಿನ ಗೋಡೌನಾಗಿತ್ತು. ಆಮೇಲೆ ಮಾಲೀಕರ ಮೊಮ್ಮಗ ಸೀಟುಗಳನ್ನೆಲ್ಲ ಗುಜರಿಗೆ ಹಾಕಿ, ಪರದೆಯ ಕಡೆಗೆ ವೇದಿಕೆ ಕಟ್ಟಿಸಿ, ಅದನ್ನು ಶಾದಿ ಮಹಲ್ ಮಾಡಿದ. ಸೆಲ್ವಂ ಟಾರ್ಚು ಬಿಟ್ಟು ಬೀಗದ ಕೈ ಗೊಂಚಲು ಹಿಡಿದು ಮ್ಯಾನೇಜರಾದ. ನಮ್ಮ ಕಡೆಯ ಮುಸ್ಲಿಂ ಮನೆತನಗಳಿಗೆ ಅದು ಹೇಳಿ ಮಾಡಿಸಿದ ಜಾಗವಾಯಿತು. ಕೆಳಗೆ ಗಂಡಸರು, ಮೇಲೆ ಬಾಲ್ಕನಿಯಲ್ಲಿ ಹೆಂಗಸರು, ಮಕ್ಕಳು. ಇಬ್ಬರಿಗೂ ಬೇರೆ ಬೇರೆ ಬಾಗಿಲು. ಪರದೆ ಕಟ್ಟುವ ರಗಳೆಯೇ ಇಲ್ಲ.

ಇದ್ದದ್ದು ಒಂದೇ ತೊಂದರೆ, ಬಾಲ್ಕನಿಯ ಮೆಟ್ಟಿಲುಗಳು. ಸಿನಿಮಾ ನೋಡುವುದಕ್ಕೆ ಮಾಡಿದ್ದು ತಾನೇ, ಹಿಂದಿನಿಂದ ಮುಂದಕ್ಕೆ ಅಗಲವಾದ ಮೆಟ್ಟಿಲಾಗಿ ಇಳಿಯುತ್ತಿತ್ತು. ಅಲ್ಲಿ ದಸ್ತರ್‌ಖಾನ್ ಹಾಸಿ ಸಾಲಾಗಿ ಕೂತು ಉಣ್ಣಲು ಆಗುತ್ತಿರಲಿಲ್ಲ. ಒಂದು ಮದುವೆಯಲ್ಲಿ ಮುದುಕಿಯೊಬ್ಬರು ಎಡವಿ ಬಿದ್ದು ಸೊಂಟ ಮುರಿದುಕೊಂಡರು. ಸೆಲ್ವಂ ಅವರನ್ನು ಎತ್ತಿಕೊಂಡೇ ಆಸ್ಪತ್ರೆಗೆ ಓಡಿದ. ವಾಪಸ್ ಬಂದವನೇ ಮಾಲೀಕನ ಬೆನ್ನು ಬಿದ್ದ. ಹಳೇ ಪರದೆಯ ಗೋಡೆ ಒಡೆದ ಇಟ್ಟಿಗೆ, ಗಾರೆ ಹಿತ್ತಲಲ್ಲಿ ರಾಶಿ ಬಿದ್ದಿತ್ತು. ಅದನ್ನೇ ಮೇಲೆ ಹೊರಿಸಿ ಮೆಟ್ಟಿಲುಗಳಿಗೆಲ್ಲ ತುಂಬಿಸಿ, ಮೇಲೆ ಸಿಮೆಂಟು ಹಾಕಿ ಟೈಲ್ಸ್ ಕೂರಿಸಿಬಿಟ್ಟರೆ ಬಾಲ್ಕನಿ ಸಮತಟ್ಟಾಗುತ್ತದೆ, ಕಸ ಸಾಗಿಸುವ ಲಾರಿಯ ಖರ್ಚೂ ಉಳಿಯುತ್ತದೆ ಎಂದ. ಮಾಲೀಕನಿಗೆ ಬುದ್ಧಿಮಾತು ಅಂದರೆ ಖರ್ಚು ಉಳಿಸುವ ಮಾತೇ. ಬೇಸಿಗೆಯಲ್ಲಿ ಕೂಲಿಯವರು ಬಾಂಡಲಿಯಲ್ಲಿ ಹೊತ್ತೇ ಹೊತ್ತರು. ಕೆಲಸ ಮುಗಿದ ಮೇಲೆ ಸೆಲ್ವಂ ನಮ್ಮಿಬ್ಬರನ್ನು ಕರೆದು ತೋರಿಸಿದ. ಟೈಲ್ಸ್ ಮೇಲೆ ಒಂದು ಲೋಟ ನೀರು ಚೆಲ್ಲಿ, "ನೋಡಿ ಅಮ್ಮಾ, ಎತ್ಲಾಗಾದ್ರೂ ಹರೀತದಾ? ಅಲ್ಲೇ ನಿಂತದೆ. ಇನ್ಮೇಲೆ ಯಾವ ಪಾಟಿ, ಯಾವ ಅಜ್ಜಿನೂ ಬೀಳಲ್ಲ" ಎಂದ. ನೀರು ನಿಜವಾಗಿಯೂ ನಿಂತಲ್ಲೇ ನಿಂತಿತ್ತು. ನಮಗೂ ಸಂತೋಷವಾಯಿತು. ಜರೀನಾಳ ಮಗಳು ನಾಜ್ನೀನ್‌ಳ ನಿಕಾಹ್ ಅಲ್ಲೇ ಅಂತ ಆಗಲೇ ಗೊತ್ತಾಗಿತ್ತು.

ಜರೀನಾಳ ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ತವರುಮನೆಯಲ್ಲೇ ಇದ್ದು, ಹೊಲಿಗೆ ಹಾಕಿ ಮಗಳನ್ನು ಓದಿಸಿದ್ದಳು. ಮನೆಯ ಹಿರಿಯ ಅಂದರೆ ಅವಳ ತಮ್ಮ ಇಕ್ಬಾಲ್. ಒಳ್ಳೆಯವನೇ, ಆದರೆ ಊರು ಏನನ್ನುತ್ತದೋ ಎಂಬ ಭಯದಲ್ಲೇ ಅರ್ಧ ಆಯುಸ್ಸು ಕಳೆದವನು. ಫ್ರೇಜರ್ ಟೌನಿನ ಸಂಬಂಧ, ಹುಡುಗ ಸಂಭಾವಿತ, ನಾಜ್ನೀನ್‌ಗೆ ಮನಸ್ಸಾರೆ ಒಪ್ಪಿಗೆ. ಫೋನಿನಲ್ಲಿ ಅವನ ಜೊತೆ ಮಾತಾಡುವಾಗ ಅವಳ ನಗು ಗೋಡೆ ದಾಟಿ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು.

ಮಳೆ ಹಿಡಿಯಿತು. ಆ ವರ್ಷ ನಮ್ಮ ಏರಿಯಾದ ನೆಲದಡಿಯಲ್ಲಿ ಮೆಟ್ರೋ ಸುರಂಗದ ಕೆಲಸ ನಡೆಯುತ್ತಿತ್ತು. ಪಾಪ, ಅದಕ್ಕೂ ಮೆಹ್ತಾಬಿಗೂ ಸಂಬಂಧವಿರಲಿಲ್ಲ ಅಂತ ಆಮೇಲೆ ತಿಳಿದವರು ಹೇಳಿದರು. ಆಗ ಮಾತ್ರ ಎಲ್ಲದಕ್ಕೂ ಅದೇ ಉತ್ತರ. ಹಾಲು ಒಡೆದರೂ ಮೆಟ್ರೋ. ಬಾಲ್ಕನಿಯ ಕೆಳಗಿನ ದೊಡ್ಡ ಬಾಗಿಲು ನೆಲಕ್ಕೆ ಉಜ್ಜತೊಡಗಿದಾಗ ಸೆಲ್ವಂ ಅದೇ ಹೇಳಿದ. ಬಡಗಿಯನ್ನು ಕರೆಸಿ ಬಾಗಿಲಿನ ತಳ ಹೆರೆಸಿದ. ಕೆಲವು ವಾರ ಕಳೆದು ಮತ್ತೆ ಉಜ್ಜಿತು, ಮತ್ತೆ ಹೆರೆಸಿದ. ಆ ಸದ್ದು ನಮ್ಮ ಹಿತ್ತಲಿಗೆ ಕೇಳುತ್ತಿತ್ತು. ಕೇಳಿದಾಗಲೆಲ್ಲ ನನಗೆ ಹಲ್ಲು ಜುಮ್ಮೆನ್ನುತ್ತಿತ್ತು.

"ಮಳೇಲಿ ಮರ ಉಬ್ಬುತ್ತೆ ಬಿಡೇ" ಎಂದು ಜರೀನಾಗೆ ಹೇಳಿದೆ.

"ಮರ ಉಬ್ಬಿದ್ರೆ ಪಕ್ಕಕ್ಕೆ ಹಿಡ್ಕೋಬೇಕು ಶಾರದಾ. ಇದು ಮೇಲಿಂದ ಅದುಮಿದಂಗೆ ಕೆಳಗೆ ಹಿಡ್ಕೊಂಡಿದೆ" ಎಂದಳು ಅವಳು. ಹೊಲಿಗೆಯವಳ ಕಣ್ಣು, ಎಲ್ಲಿ ಎಳೆತವಿದೆ ಅಂತ ಬೇಗ ಕಾಣುತ್ತದೆ.

ಡೆಕೊರೇಷನ್ ಮಾತಾಡಲು ಹೋದ ದಿನ ನಾವಿಬ್ಬರೂ ಬಾಲ್ಕನಿಯ ಕೆಳಗೆ ನಿಂತು ತಲೆ ಎತ್ತಿ ನೋಡಿದೆವು. ಗಾರೆ ಹೂವುಗಳ ನಡುವೆ, ಗೋಡೆಯಿಂದ ಗೋಡೆಗೆ, ಉದ್ದಕ್ಕೂ ಒಂದು ಬಿರುಕು. ಅದರಿಂದ ಸಣ್ಣ ಪುಡಿ ಉದುರಿ, ಕೆಳಗೆ ಪೇರಿಸಿದ್ದ ಕುರ್ಚಿಗಳ ಮೇಲೆ ಬೂದಿ ಚೆಲ್ಲಿದಂತೆ ಕೂತಿತ್ತು. ಜರೀನಾ ಬೆರಳಲ್ಲಿ ಒರೆಸಿ ನನಗೆ ತೋರಿಸಿದಳು. ಸೆಲ್ವಂ ಓಡಿ ಬಂದ.

"ಅದಕ್ಕೆ ಯಾಕಮ್ಮಾ ಭಯ? ಸ್ಯಾಟಿನ್ ಬಟ್ಟೆ ಕಟ್ಟಿಸ್ತೀನಿ, ಜಗಮಗ ಕಾಣಿಸ್ತದೆ. ಈ ಬಾಲ್ಕನಿ ಎಷ್ಟು ಹೌಸ್‌ಫುಲ್ ನೋಡಿದೆ ಗೊತ್ತಾ? ಜನ ಮೇಲೆ ನಿಂತ್ಕೊಂಡು ಕುಣೀತಿದ್ರು. ನಿಮ್ಮ ಮಗಳ ಮದುವೆ ಇದಕ್ಕೆ ಯಾವ ಲೆಕ್ಕ?"

"ಆಗ ಇಟ್ಟಿಗೆ ತುಂಬಿರಲಿಲ್ವಲ್ಲ ಸೆಲ್ವಂ" ಎಂದಳು ಜರೀನಾ.

ಅವನ ಮುಖ ಸಣ್ಣದಾಯಿತು. "ನಾನು ನಿಮ್ಮಂಥೋರಿಗೇ ಅಂತ ಮಾಡ್ಸಿದ್ದು ಅಮ್ಮಾ" ಎಂದ. ಮರುದಿನ ಗುಲಾಬಿ ಬಟ್ಟೆ ಬಂತು, ಬಿರುಕು ಮುಚ್ಚಿಹೋಯಿತು.

ನನ್ನ ಆಫೀಸಿನ ಗೆಳತಿಯ ಮಗ ಕಟ್ಟಡದ ಕೆಲಸ ಓದಿದವನು. ಬಟ್ಟೆ ಕಟ್ಟುವ ಮೊದಲೇ ತೆಗೆದಿದ್ದ ಫೋಟೋ ಕಳಿಸಿದರೆ, "ಆಂಟಿ, ಫೋಟೋ ನೋಡಿ ಹೇಳೋಕಾಗಲ್ಲ, ಯಾರಾದ್ರೂ ಬಂದು ನೋಡ್ಲೇಬೇಕು, ಅಲ್ಲೀವರೆಗೂ ಮೇಲೆ ಜನ ಹತ್ತಿಸ್ಬೇಡಿ" ಎಂದ. ಮಾಲೀಕನಿಗೆ ಹೇಳಿದೆವು. ಸೀಸನ್ ಮುಗಿಯಲಿ, ನೋಡಿಸೋಣ ಎಂದ. ಇಕ್ಬಾಲ್‌ಗೆ ಹೇಳಿದೆವು. ಕಾರ್ಡು ಹಂಚಿಯಾಗಿದೆ, ಮೊಹರಂ ತಿಂಗಳಲ್ಲಿ ಮದುವೆ ಮಾಡುವ ಹಾಗಿಲ್ಲ, ಅದರೊಳಗೆ ಬೇರೆ ಯಾವ ಶಾದಿ ಮಹಲೂ ಖಾಲಿಯಿಲ್ಲ, ಹುಡುಗನ ಕಡೆಯವರಿಗೆ ಏನಂತ ಹೇಳಲಿ ಎಂದು ಅವನು ತಲೆ ಹಿಡಿದುಕೊಂಡ. ಹೆಂಗಸರನ್ನು ಕೆಳಗೆ ಕೂರಿಸಿ ಗಂಡಸರಿಗೆ ಬೀದಿಯಲ್ಲಿ ಶಾಮಿಯಾನ ಹಾಕೋಣ ಎಂದು ಜರೀನಾ ಕೇಳಿದಳು. "ಸುರಿಯೋ ಮಳೇಲಿ ಬರಾತಿನೋರ್ನ ಬೀದೀಲಿ ಕೂರಿಸ್ತೀಯಾ ಆಪಾ? ನಮ್ಮ ಮೂಗು ಉಳಿಯುತ್ತಾ?" ಎಂದ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಎಲ್ಲರೂ ಅವರವರ ಮಾತು ಹೇಳಿ ಎದ್ದುಹೋದರು. ಜರೀನಾ ರಾತ್ರಿಯೆಲ್ಲ ಮಿಷನ್ ತುಳಿದು ಮಗಳ ದುಪಟ್ಟಾಕ್ಕೆ ಜರಿ ಹಚ್ಚುತ್ತಿದ್ದಳು. ಅವಳ ಕಾಲು ನಿಂತಾಗಲೆಲ್ಲ ನನಗೆ ಎಚ್ಚರವಾಗುತ್ತಿತ್ತು.

ನಿಕಾಹಿನ ದಿನ ಮಧ್ಯಾಹ್ನ ಬಾಲ್ಕನಿ ತುಂಬಿಹೋಗಿತ್ತು. ಸಿನಿಮಾ ಕಾಲದಲ್ಲಿ ಒಬ್ಬರಿಗೆ ಒಂದು ಸೀಟು ಇರುತ್ತಿತ್ತು. ಈಗ ಜಮಖಾನದ ಮೇಲೆ ಮಂಡಿಗೆ ಮಂಡಿ ತಗುಲಿಸಿಕೊಂಡು ಕೂತಿದ್ದರು, ತೊಡೆ ಮೇಲೆ ಮಕ್ಕಳು. ಢೋಲಕ್ ಬಾರಿಸುತ್ತಿದ್ದರು. ಕೆಳಗೆ ಖಾಜಿಯವರು ಬಂದು ಕೂತಾಗಿತ್ತು, ನಿಕಾಹ್ ಇನ್ನೂ ಓದಿರಲಿಲ್ಲ. ನಾಜ್ನೀನ್ ಹಿಂದಿನ ಗೋಡೆಗೆ ಒರಗಿ ತಲೆ ಬಾಗಿಸಿ ಕೂತಿದ್ದಳು. ಅಷ್ಟು ಚೆಂದದ ಮದುಮಗಳನ್ನು ನಾನು ನೋಡಿರಲಿಲ್ಲ.

ಆಗ ಮಗುವೊಂದು ಶರಬತ್ತಿನ ಜಗ್ಗು ಉರುಳಿಸಿತು. ಹಿಂದಿನ ಸಾಲಿನ ಹತ್ತಿರ, ಬರೀ ಟೈಲ್ಸ್ ಇದ್ದ ಜಾಗದಲ್ಲಿ. ಕೆಂಪು ಶರಬತ್ತು ಒಂದು ಕ್ಷಣವೂ ನಿಲ್ಲಲಿಲ್ಲ. ಸೀದಾ ಮುಂದಕ್ಕೆ, ಜನರ ನಡುವಿನ ದಾರಿಯಲ್ಲಿ, ಕಟಕಟೆಯ ತನಕ ಹರಿದುಹೋಯಿತು. ಯಾರೋ ನಕ್ಕು ಸೀರೆ ಎತ್ತಿಕೊಂಡರು. ನಾನು ಜರೀನಾಳ ಮುಖ ನೋಡಿದೆ. ಅವಳು ಆ ಕೆಂಪು ಗೆರೆಯನ್ನೇ ನೋಡುತ್ತಿದ್ದಳು.

ಅವಳು ಕೂಗಾಡಲಿಲ್ಲ. ಎದ್ದು ನಿಂತು ಢೋಲಕ್ ಮೇಲೆ ಕೈ ಇಟ್ಟು ನಿಲ್ಲಿಸಿದಳು. ದಕ್ಕನಿ ಉರ್ದುವಿನಲ್ಲಿ, ಊಟಕ್ಕೆ ಕರೆಯುವ ದನಿಯಲ್ಲಿ, ಎಲ್ಲರೂ ಮಕ್ಕಳನ್ನು ಎತ್ತಿಕೊಂಡು ಹೊರಗಿನ ಮೆಟ್ಟಿಲಿಳಿದು ಬೀದಿಗೆ ನಡೆಯಿರಿ, ಚಪ್ಪಲಿ ಆಮೇಲೆ ಹುಡುಕೋಣ ಎಂದಳು. ಯಾಕೆ ಅಂದವರಿಗೆ "ನಡೀರಿ" ಅಷ್ಟೇ. ನಾನು ಮುದುಕಿಯರ ರಟ್ಟೆ ಹಿಡಿದು ಇಳಿಸಿದೆ. ಕೊನೆಗೆ ಜರೀನಾ ಮಗಳ ಕೈ ಹಿಡಿದು ಎಳೆದುಕೊಂಡು ಬಂದಳು. ಹೊರಗೆ ಮಳೆ ಹೊಯ್ಯುತ್ತಿತ್ತು. ರೇಷ್ಮೆ, ಜರಿ, ಮಲ್ಲಿಗೆ, ಎಲ್ಲ ನೆಂದು ತೊಪ್ಪೆಯಾಗಿ ಹೆಂಗಸರು ಬೀದಿಯಲ್ಲಿ ನಿಂತರು. ಗಲಾಟೆ ಕೇಳಿ ಕೆಳಗಿದ್ದ ಗಂಡಸರೂ ಹೊರಗೆ ಬಂದರು. ಹಾದಿಹೋಕರು ನಿಂತು ನೋಡಿದರು, ಒಬ್ಬ ಫೋನಿನಲ್ಲಿ ಚಿತ್ರ ಹಿಡಿದ.

ನಾವೆಲ್ಲ ಕಟ್ಟಡದ ಕಡೆ ನೋಡುತ್ತ ನಿಂತೆವು. ಏನೂ ಆಗಲಿಲ್ಲ.

ಅದೇ ನಮಗೆ ಬಂದ ಗ್ರಹಚಾರ. ಹುಡುಗನ ತಾಯಿಯ ಮುಖಕ್ಕೆ ಹಚ್ಚಿದ್ದೆಲ್ಲ ಇಳಿದುಹೋಗಿತ್ತು. "ನಮ್ಮ ಮನೆ ಹೆಣ್ಮಕ್ಕಳನ್ನ ಬೀದೀಲಿ ನಿಲ್ಸಿದ್ರಲ್ಲ, ಶರಬತ್ತು ಚೆಲ್ಲಿತು ಅಂತ?" ಎಂದರು. ಇಕ್ಬಾಲ್ ಕೈ ಮುಗಿದ, ತಲೆಯ ಟೋಪಿ ತೆಗೆದು ಹಿಡಿದ, ಕೊನೆಗೆ ಎಲ್ಲರೆದುರು, "ನಮ್ಮಕ್ಕನಿಗೆ ತಲೆ ಸರಿ ಇಲ್ಲ, ಮನಸ್ಸಿಗೆ ಹಾಕ್ಕೋಬೇಡಿ" ಎಂದ. ಅದೇ ತಪ್ಪಾಯಿತು. ತಲೆ ಸರಿಯಿಲ್ಲದವಳ ಮಗಳನ್ನು ಯಾರು ಮನೆಗೆ ತುಂಬಿಸಿಕೊಳ್ಳುತ್ತಾರೆ? ಹುಡುಗ ತಾಯಿಯ ಮುಖ ನೋಡಿದ, ಕಾರು ಹತ್ತಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಾಡಿಟ್ಟ ಬಿರಿಯಾನಿಯನ್ನು ಸೆಲ್ವಂ ಅನಾಥಾಲಯಕ್ಕೆ ಕಳಿಸಿದ.

ಆವತ್ತಿನಿಂದ ನಾಜ್ನೀನ್ ತಾಯಿಯ ಜೊತೆ ಮಾತು ಬಿಟ್ಟಳು. ಕೆಲಸಕ್ಕೆ ಹೋಗುವಳು, ಬರುವಳು, ಮಾಡಿಟ್ಟದ್ದು ಉಣ್ಣುವಳು. ಗೋಡೆಯಾಚೆ ನಗು ನಿಂತಿತು. ಬೀದಿಯಲ್ಲಿ ಹೆಂಗಸರು ಜರೀನಾಳನ್ನು ಕಂಡರೆ ಮಾತು ನುಂಗುತ್ತಿದ್ದರು. ಬ್ಲೌಸ್ ಹೊಲಿಸುವವರು ಬೇರೆ ಟೈಲರ್ ಹುಡುಕಿಕೊಂಡರು. ನನಗೆ ಅಳು ಬರುವಷ್ಟು ಸಿಟ್ಟು ಬರುತ್ತಿತ್ತು. ಆದರೆ ಮೆಹ್ತಾಬಿನ ಬಾಲ್ಕನಿ ಜಪ್ಪಯ್ಯ ಅನ್ನದೆ ನಿಂತಿತ್ತು. ಅಲ್ಲಿ ಹೆಸರಿಡುವ ಶಾಸ್ತ್ರ ನಡೆಯಿತು, ನಿಶ್ಚಿತಾರ್ಥ ನಡೆಯಿತು. ಬಾಗಿಲು ಉಜ್ಜುತ್ತಲೇ ಇತ್ತು, ಸೆಲ್ವಂ ಹೆರೆಸುತ್ತಲೇ ಇದ್ದ. ಜರೀನಾ ನಮಾಜು ಮುಗಿಸಿ ಬಂದು ನಮ್ಮ ಹಿತ್ತಲಿನಲ್ಲಿ ನಿಂತು ಆ ಗೋಡೆಯನ್ನು ನೋಡುತ್ತಿದ್ದಳು. ಒಮ್ಮೆ, "ನಾನೇ ತಪ್ಪಾ ಶಾರದಾ?" ಎಂದು ಕೇಳಿದಳು. ಇಲ್ಲ ಅಂದೆ. ನನಗೂ ಆಗ ನಂಬಿಕೆ ಅಲ್ಲಾಡಿತ್ತು.

ಮಳೆಗಾಲದ ಬಾಲ ಇನ್ನೂ ಇರುವಾಗ ಆ ಹುಡುಗನಿಗೆ ಬೇರೆ ಕಡೆ ನಿಕಾಹ್ ಆಯಿತು. ನಿಕಾಹ್ ಆದಮೇಲಿನ ವಲೀಮಾ ಊಟ ಗಂಡಿನ ಮನೆಯವರದ್ದು ತಾನೇ, ಅವರು ಬೇಕೆಂದೇ ಮೆಹ್ತಾಬ್ ಹಿಡಿದರು. ಯಾವ ಬಾಲ್ಕನಿಯಿಂದ ತಮ್ಮನ್ನು ಇಳಿಸಿದ್ದರೋ ಅದರಲ್ಲೇ ಕೂತು ಉಂಡು ತೋರಿಸಬೇಕಿತ್ತು ಅವರಿಗೆ.

ಆ ದಿನ ಬೆಳಿಗ್ಗೆ ಜರೀನಾ ಗೇಟಿನ ಹತ್ತಿರ ಹೋಗಿ ನಿಂತು, ಬಂದ ಹೆಂಗಸರಿಗೆಲ್ಲ ಮೇಲೆ ಹತ್ತಬೇಡಿ ಎಂದು ಕೇಳಿಕೊಂಡಳು. ಅವರು ಮಕ್ಕಳನ್ನು ಅವಳ ಕಡೆಯಿಂದ ಆಚೆಗೆ ಎಳೆದುಕೊಂಡು ಹತ್ತಿದರು. ಸೆಲ್ವಂ ಬಂದು ಮೆತ್ತಗೆ ಹೇಳಿದ, "ಬೇಡಮ್ಮಾ, ನಿಮ್ಮ ಮರ್ಯಾದೆ ನೀವೇ ಕಳ್ಕೋಬೇಡಿ. ನಾನಿದೀನಲ್ಲ, ನೋಡ್ಕೋತೀನಿ." ಇಕ್ಬಾಲ್ ಬಂದು ತೋಳು ಹಿಡಿದು ಮನೆಗೆ ಕರೆತಂದ.

ನಾವು ನಮ್ಮ ತಾರಸಿ ಹತ್ತಿದೆವು. ಅಲ್ಲಿಂದ ಮೆಹ್ತಾಬಿನ ಬೆನ್ನು, ಪಕ್ಕದ ಮೆಟ್ಟಿಲು, ಅರ್ಧ ಗೇಟು ಕಾಣುತ್ತಿತ್ತು. ಜಿಟಿಜಿಟಿ ಮಳೆ. ಒಳಗಿನಿಂದ ಢೋಲಕ್ ಕೇಳುತ್ತಿತ್ತು, ನಡುನಡುವೆ ಮಕ್ಕಳ ಕಾಲು ದಡಬಡ. ಹಿಂದೆ ಯಾರೋ ಬಂದಂತಾಯಿತು. ನಾಜ್ನೀನ್. ಆ ಮದುವೆ ಮುರಿದ ಮೇಲೆ ಮೊದಲ ಸಲ ತಾಯಿಯ ಜೊತೆ ಬಾಯಿ ಬಿಟ್ಟಳು.

"ಇವತ್ತು ಬೀಳುತ್ತಾ ಅಮ್ಮೀ?"

ಹೆದರಿ ಕೇಳಿದಳೋ, ಬೀಳಲಿ ಅಂತ ಕೇಳಿದಳೋ, ನನಗೆ ತಿಳಿಯಲಿಲ್ಲ. ಜರೀನಾ ಮಗಳ ಕೈ ಹಿಡಿದುಕೊಂಡಳು. ನಾಜ್ನೀನ್ ಬಿಡಿಸಿಕೊಳ್ಳಲಿಲ್ಲ.

ಬೀಳಲಿಲ್ಲ. ಎಲ್ಲರೂ ಉಂಡರು. ಇಳಿಮಧ್ಯಾಹ್ನ ಅಸರ್ ಬಾಂಗಿನ ಹೊತ್ತಿಗೆ ಹೆಂಗಸರು ಒಬ್ಬೊಬ್ಬರಾಗಿ ನಗುತ್ತ ಇಳಿದರು, ಮದುಮಗಳನ್ನೂ ಇಳಿಸಿಕೊಂಡು ಹೋದರು. ಹುಡುಗನ ತಾಯಿ ಗೇಟಿನಲ್ಲಿ ನಿಂತು ನಮ್ಮ ತಾರಸಿಯ ಕಡೆ ಬೇಕೆಂದೇ ಒಮ್ಮೆ ನೋಡಿದರು. ಕಾರುಗಳು ಹೊರಟವು. ನನಗೆ ಜೀವ ಬಂದ ಹಾಗಾಯಿತು, ಅದರ ಹಿಂದೆಯೇ ನಾಚಿಕೆಯೂ ಆಯಿತು. ಜರೀನಾ ಕೆಳಗಿಳಿದು ಹೋಗಿ ಚಾಪೆ ಹಾಸಿಕೊಂಡು ನಮಾಜಿಗೆ ನಿಂತಳು.

ಸೆಲ್ವಂ ಗೇಟು ಎಳೆದು, ತಲೆ ಎತ್ತಿ ನನ್ನನ್ನು ನೋಡಿದ. ಅಣಕವಿರಲಿಲ್ಲ, ಅವನಿಗೆ ನಿಜಕ್ಕೂ ಹಗುರಾಗಿತ್ತು. "ಶಾರದಮ್ಮಾ, ಅವ್ರಿಗೆ ಹೇಳಿ, ಎಲ್ರೂ ಚೆನ್ನಾಗಿ ಊಟ ಮಾಡ್ಕೊಂಡು ಮನೆಗೆ ಹೋದ್ರು ಅಂತ. ಜಮಖಾನ ಸುತ್ತಿಟ್ಟು ಬರ್ತೀನಿ, ಟೀ ಕುಡಿಯೋಣ" ಎಂದು ಕೂಗಿ ಒಳಗೆ ಹೋದ.

ನಾನು, ನಾಜ್ನೀನ್ ತಂತಿಯ ಮೇಲೆ ಮರೆತು ನೆಂದುಹೋಗಿದ್ದ ಬಟ್ಟೆ ತೆಗೆಯುತ್ತಿದ್ದೆವು. ಮೊದಲು ಒಂದು ನರಳಿಕೆಯಂಥ ಸದ್ದು. ಆಮೇಲೆ ನಮ್ಮ ತಾರಸಿಯೇ ಎದ್ದು ಕೂತಂತಾಯಿತು. ಮೆಹ್ತಾಬಿನ ಎಲ್ಲ ಕಿಟಕಿಗಳಿಂದಲೂ ಬಿಳಿಯ ಧೂಳು ಹೊರಗೆ ಬಂತು. ಮಳೆ ಅದನ್ನು ನಮ್ಮ ಮೇಲೆಯೇ ಇಳಿಸಿತು. ಹಳೇ ಗಾರೆ ನೆಂದ ವಾಸನೆ. ನಾಜ್ನೀನ್ ಸೆಲ್ವಂ ಅಂಕಲ್ ಅಂತ ಕಿರುಚುತ್ತ ಮೆಟ್ಟಿಲಿಳಿದು ಓಡಿದಳು.

ಇಟ್ಟಿಗೆ ರಾಶಿಯಡಿಯಿಂದ ಅವನ ದೇಹವನ್ನು ಮರುದಿನ ತೆಗೆದರು. ಮಾಲೀಕನ ಮೇಲೆ ಕೇಸಾಯಿತು. ಊರು ತಿರುಗಿ ನಿಂತು ಜರೀನಾಳನ್ನು ಹೊಗಳಿತು. ಊರಿನ ನಾಲಿಗೆಗೆ ಮೂಳೆಯೇ? ಹುಡುಗನ ತಾಯಿ ಮನೆಗೆ ಬಂದು ಅವಳ ಎರಡೂ ಕೈ ಹಿಡಿದು ಅತ್ತರು. ಜರೀನಾ ಅವರಿಗೆ ಟೀ ಕೊಟ್ಟಳು, ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ನಾಜ್ನೀನ್ ಅಮ್ಮೀ ಅಮ್ಮೀ ಅಂತ ಹಿಂದೆ ಮುಂದೆ ತಿರುಗಿದಳು. ಜರೀನಾಳನ್ನು ನೋಡಿದರೆ, ಗೆದ್ದವಳ ಮುಖ ಹೀಗಿರುವುದಿಲ್ಲ ಎಂದು ನನಗೆ ಅನ್ನಿಸುತ್ತಿತ್ತು. ಈಗ ಆ ಜಾಗಕ್ಕೆ ತಗಡು ಬಡಿದು ಗಾಡಿ ನಿಲ್ಲಿಸಲು ಬಿಟ್ಟಿದ್ದಾರೆ, ಅರ್ಧಚಂದ್ರ ಯಾರ ಪಾಲಾಯಿತೋ. ನಾವೂ ಆ ವರ್ಷವೇ ಬಾಡಿಗೆ ಮನೆ ಹಿಡಿದು ಜೋಗುಪಾಳ್ಯಕ್ಕೆ ಬಂದೆವು.

ಸಾಮಾನು ಕಟ್ಟುವ ದಿನ ಜರೀನಾ ಸಹಾಯಕ್ಕೆ ಬಂದಿದ್ದಳು. ಪಾತ್ರೆಗಳಿಗೆ ಪೇಪರು ಸುತ್ತುತ್ತ, ತಲೆ ಎತ್ತದೆ ಹೇಳಿದಳು. "ಆವತ್ತು ಅಸರ್ ನಮಾಜಲ್ಲಿ ನಾನೊಂದು ದುವಾ ಕೇಳ್ದೆ ಶಾರದಾ. ಹೆಂಗಸ್ರು ಮಕ್ಳು ಎಲ್ಲಾ ಇಳಿದಾಯ್ತು, ಒಳಗೆ ಯಾರೂ ಇಲ್ಲ, ಯಾ ಅಲ್ಲಾ, ಈಗ ಬೀಳಿಸು ಅಂತ. ಒಂದೇ ಸಲ ಬೀಳಿಸು, ನನ್ ಮಗಳು ನನ್ನ ನಂಬ್ಲಿ ಅಂತ. ನಮಾಜ್ ಮುಗಿಸೋ ಸಲಾಂ ಹೇಳಿ ಕುತ್ತಿಗೆ ತಿರುಗಿಸ್ತಿದ್ದೆ, ಆ ಸದ್ದು ಬಂತು."

"ನೀನು ಕೇಳಿದ್ದಕ್ಕೆ ಬಿದ್ದಿದ್ದಲ್ಲ ಕಣೇ. ಇಟ್ಟಿಗೆ ತುಂಬಿದ್ದಕ್ಕೆ ಬಿತ್ತು" ಎಂದೆ.

"ಗೊತ್ತು" ಎಂದಳು. ಇನ್ನೊಂದು ಲೋಟ ತೆಗೆದುಕೊಂಡು ಸುತ್ತಿದಳು. "ಒಳಗೆ ಯಾರೂ ಇಲ್ಲ ಅಂತ ಅಲ್ಲಾಹನಿಗೆ ಹೇಳಿದ್ದು ನಾನೇ ಅಲ್ವಾ."